ಹಳೇ ನ್ಯೂಸ್‌ಪೇಪರ್ ಯಾಕೆ ಹಳದಿ ಆಗುತ್ತೆ? ಉತ್ತರ ಮರದ ಜೀವಕೋಶದ ಗೋಡೆಯಲ್ಲಿದೆ

ಅಡುಗೆಮನೆ ಶೆಲ್ಫಿಗೆ ನ್ಯೂಸ್‌ಪೇಪರ್ ಹಾಸಿರ್ತೀವಲ್ಲ, ಸ್ವಲ್ಪ ದಿನಕ್ಕೇ ಹಳದಿ ತಿರುಗುತ್ತೆ. ಆಫೀಸಿನ ಪ್ರಿಂಟರ್ ಹಾಳೆ ಅಷ್ಟು ಬೇಗ ಹಳದಿ ಆಗಲ್ಲ. ಸಾಮಾನ್ಯವಾಗಿ ಎರಡೂ ಮರದ ನಾರಿನಿಂದಲೇ ಆಗೋದು. ಹಾಗಾದ್ರೆ ಈ ವ್ಯತ್ಯಾಸ ಯಾಕೆ? ಕಾರಣ ಲಿಗ್ನಿನ್ ಅನ್ನೋ ವಸ್ತು. ಅದನ್ನು ಅರ್ಥ ಮಾಡ್ಕೊಳ್ಳೋಕೆ ಮರ ಹೇಗೆ ಕಟ್ಟಿಕೊಳ್ಳುತ್ತೆ ಅಂತ ನೋಡಬೇಕು.

ತೊಗಟೆಯ ಒಳಗಡೆ ಕ್ಯಾಂಬಿಯಂ ಅನ್ನೋ ತೆಳ್ಳಗಿನ ಪದರ ಇರುತ್ತೆ. ಅಲ್ಲಿ ಕೋಶಗಳು ಒಡೆದು ಒಡೆದು, ಒಳಮುಖವಾಗಿ ಹೋದವು ಮರದ ಭಾಗ ಆಗ್ತವೆ. ಹೊಸ ಕೋಶದ ಗೋಡೆ ತೆಳು, ಹಿಗ್ಗೋ ಗುಣ ಇರುತ್ತೆ. ಕೋಶ ಬೆಳೆದು ಮುಗಿದ ಮೇಲೆ ಒಳಗಿನಿಂದ ಇನ್ನೊಂದು ಗಟ್ಟಿ ಗೋಡೆ ಕಟ್ಟಿಕೊಳ್ಳುತ್ತೆ. ಸಾಮಾನ್ಯವಾಗಿ ಇದರಲ್ಲಿ ಮೂರು ಪದರ: ಎಸ್1, ಎಸ್2, ಎಸ್3. ನಡುವಿನ ಎಸ್2 ಎಲ್ಲಕ್ಕಿಂತ ದಪ್ಪ.

ಇದನ್ನು ಆರ್‌ಸಿಸಿ ಕೆಲಸಕ್ಕೆ ಹೋಲಿಸಬಹುದು. ಕಬ್ಬಿಣದ ಕಂಬಿ ಅಂದ್ರೆ ಸೆಲ್ಯುಲೋಸ್. 1838ರಲ್ಲಿ ಫ್ರಾನ್ಸಿನ ಅನ್ಸೆಲ್ಮ್ ಪಾಯೆನ್ ಗುರುತಿಸಿದ ವಸ್ತು ಇದು. ಕೋಶದ ಪೊರೆಯಲ್ಲಿರೋ ಪ್ರೋಟೀನ್ ಯಂತ್ರಗಳು ಗ್ಲೂಕೋಸ್ ಜೋಡಿಸಿ ಇದರ ಎಳೆಗಳನ್ನು ನೂಲ್ತವೆ. ಕಂಬಿ ಕಟ್ಟೋ ತಂತಿ ಅಂದ್ರೆ ಹೆಮಿಸೆಲ್ಯುಲೋಸ್. ಇದು ಕೋಶದೊಳಗಿನ ಗಾಲ್ಗಿ ಭಾಗದಲ್ಲಿ ತಯಾರಾಗಿ, ಪುಟ್ಟ ಚೀಲಗಳಲ್ಲಿ ಗೋಡೆಗೆ ಬರುತ್ತೆ. ಸಿಮೆಂಟೇ ಲಿಗ್ನಿನ್. ಅದರ ಚಿಕ್ಕ ತುಣುಕುಗಳು ಗೋಡೆಗೆ ಬಂದ ಮೇಲೆ ಲ್ಯಾಕೇಸ್, ಪೆರಾಕ್ಸಿಡೇಸ್ ಕಿಣ್ವಗಳ ಸಹಾಯದಿಂದ ಒಂದಕ್ಕೊಂದು ಬೆಸೆದುಕೊಳ್ತವೆ. ಕೋಶಗಳು ಕೂಡೋ ಮೂಲೆಗಳಲ್ಲಿ ಶುರುವಾಗಿ ಒಳಕ್ಕೆ ಹರಡುತ್ತೆ.

ಇಷ್ಟೆಲ್ಲ ಆದ ಮೇಲೆ ನೀರು ಸಾಗಿಸೋ ಕೋಶ ಸತ್ತುಹೋಗುತ್ತೆ. ಕಟ್ಟಿದವನು ಹೋದ, ಮನೆ ಉಳೀತು. ಆ ಖಾಲಿ ಕೊಳವೆಯಲ್ಲೇ ಬೇರಿನಿಂದ ಎಲೆಗೆ ನೀರು ಏರೋದು.

ಸರಿ, ಯಾವುದು ಎಲ್ಲಿದೆ ಅಂತ ಗೊತ್ತಾಗೋದು ಹೇಗೆ? ಬಣ್ಣದಿಂದ. ಮರದ ತೆಳು ಸೀಳಿಗೆ ಫ್ಲೋರೋಗ್ಲೂಸಿನಾಲ್, ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ್ರೆ ಲಿಗ್ನಿನ್ ಇರೋ ಕಡೆ ಕೆಂಪಗಾಗುತ್ತೆ. ನ್ಯೂಸ್‌ಪೇಪರ್‌ಗೆ ಹಾಕಿದ್ರೂ ಅಷ್ಟೇ! ಲ್ಯಾಬಿನಲ್ಲಿ ಮಾಡೋ ಕೆಲಸ, ಮನೆಯಲ್ಲಿ ಬೇಡ. ಸೆಲ್ಯುಲೋಸ್‌ಗೆ ಕ್ಯಾಲ್ಕೋಫ್ಲೋರ್ ಅನ್ನೋ ಬಣ್ಣ ಅಂಟುತ್ತೆ, ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತೆ. ಹೆಮಿಸೆಲ್ಯುಲೋಸ್ ಹುಡುಕೋಕೆ ಅದಕ್ಕೇ ಅಂಟೋ ಪ್ರತಿಕಾಯಗಳನ್ನು ಬಳಸ್ತಾರೆ.

ಒಂದು ಮಾತು ನೆನಪಿರಲಿ. ಬಣ್ಣ ಹೇಳೋದು ‘ಎಲ್ಲಿದೆ’ ಅಂತ, ‘ಎಷ್ಟಿದೆ’ ಅಂತ ಅಲ್ಲ. ಎಷ್ಟು ಅಂತ ತಿಳೀಬೇಕಾದ್ರೆ ಮರದ ಪುಡಿಯನ್ನು 72% ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆಸಿ, ಆಮೇಲೆ ನೀರು ಬೆರೆಸಿ ಕುದಿಸ್ತಾರೆ. ಸಕ್ಕರೆ ಭಾಗ ಕರಗುತ್ತೆ, ಉಳಿದ ಲಿಗ್ನಿನ್ ಒಣಗಿಸಿ ತೂಕ ಹಾಕ್ತಾರೆ.

ಇಷ್ಟೊಂದು ಯಾಕೆ ಹುಡುಕಬೇಕು ಅಂತೀರಾ? ಬಿಳಿ ಹಾಳೆ ಮಾಡೋಕೆ ರಾಸಾಯನಿಕ, ಇಂಧನ ಎರಡನ್ನೂ ಖರ್ಚು ಮಾಡಿ ಲಿಗ್ನಿನ್ ತೆಗೀಬೇಕು. ನ್ಯೂಸ್‌ಪೇಪರ್‌ನಲ್ಲಿ ಅದನ್ನು ಹೆಚ್ಚಾಗಿ ಹಾಗೇ ಬಿಡ್ತಾರೆ. ಬೆಳಕು, ಗಾಳಿ ತಾಗಿದಾಗ ಹಳದಿ ಆಗೋದು ಅದೇ. ‘ಹಾಗಾದ್ರೆ ಲಿಗ್ನಿನ್ ಕಡಿಮೆ ಇರೋ ಮರಾನೇ ಬೆಳೆಸಿದ್ರೆ?’ ಅಂತ ವಿಜ್ಞಾನಿಗಳು ಪಾಪ್ಲರ್ ಮರದಲ್ಲಿ ಪ್ರಯತ್ನ ಮಾಡಿದ್ದಾರೆ. ಆದ್ರೆ ತುಂಬಾ ಕಡಿಮೆಯಾದ್ರೆ ನೀರಿನ ಕೊಳವೆ ಒಳಕ್ಕೆ ಕುಸಿಯುತ್ತೆ. ಮೆತ್ತಗಿನ ಸ್ಟ್ರಾದಲ್ಲಿ ಜೋರಾಗಿ ಹೀರಿದ್ರೆ ಚಪ್ಪಟೆ ಆಗುತ್ತಲ್ಲ, ಹಾಗೆ. ಗಿಡದ ಬೆಳವಣಿಗೆಯೇ ಕುಂಠಿತ ಆಗುತ್ತೆ.

ಅಂದ್ರೆ ಕಾಗದಕ್ಕೆ ಬೇಡವಾದದ್ದೇ ಮರವನ್ನು ನಿಲ್ಲಿಸಿರೋದು. ಮುಂದಿನ ಸಲ ಶೆಲ್ಫಿನ ಹಳದಿ ಪೇಪರ್ ಬದಲಾಯಿಸುವಾಗ ಇದು ನೆನಪಾಗಲಿ. ಮತ್ತೆ ಸಿಗೋಣ.