ಮುಂಬಯಿಯ ಬೀದಿಗಳೂ ಎರಡು ಗಾಲಿಯ ವಾಹನಗಳೂ

ಮುಂಬಯಿಯ ಬೀದಿಗಳಲ್ಲಿ ಟ್ರಾಮ್ ಗಾಡಿಗಳು ಸಂಚರಿಸಿದುದು ಸುಮಾರು ತೊಂಬತ್ತು ವರ್ಷ. ೧೮೭೪ರ ಮೇ ತಿಂಗಳಲ್ಲಿ ಕುದುರೆಗಳಿಂದ ಆರಂಭವಾದ ಈ ಸಂಚಾರವು ೧೯೦೭ರಲ್ಲಿ ವಿದ್ಯುತ್ತಿಗೆ ಮಾರ್ಪಟ್ಟು, ೧೯೬೪ರ ಮಾರ್ಚ್ ೩೧ರ ರಾತ್ರಿ ಬೋರಿಬಂದರದಿಂದ ದಾದರಿಗೆ ಹೊರಟ ಗಾಡಿಯೊಡನೆ ಮುಗಿಯಿತು. ಹಳಿಗಳು ಹೋದವು, ಆದರೆ ಸೈಕಲ್ ಸವಾರನಿಗೆ ಅವು ಒಡ್ಡುತ್ತಿದ್ದ ಅಪಾಯವು ಇಂದಿನ ಮೋಟಾರ್ ಸೈಕಲ್ ಸವಾರನ ಪಾಲಿಗೆ ರೂಪಾಂತರದಲ್ಲಿ ಉಳಿದಿದೆ.

ಚಲಿಸುವ ದ್ವಿಚಕ್ರವು ಬೀಳದಿರುವುದು ಮುಂಗಾಲಿಯ ಹೊರಳಾಟದಿಂದ. ವಾಹನವು ಎಡಕ್ಕೆ ವಾಲಿದೊಡನೆ ಗಾಲಿಯೂ ತುಸು ಎಡಕ್ಕೆ ತಿರುಗಬೇಕು. ಬಲಕ್ಕೆ ವಾಲಿದರೆ ಬಲಕ್ಕೆ. ಸವಾರನ ಅರಿವಿಗೆ ಬಾರದಷ್ಟು ಸೂಕ್ಷ್ಮವಾದ ಕ್ರಿಯೆಯಿದು. ಹಳಿಯ ಸೀಳಿನಲ್ಲಿ ಸಿಕ್ಕಿದ ಸೈಕಲ್ ಗಾಲಿಯು ಹಾಗೆ ತಿರುಗಲಾರದು. ಮರುಕ್ಷಣವೇ ಸವಾರನು ನೆಲದ ಮೇಲೆ. ನಾಲ್ಕು ಗಾಲಿಯ ವಾಹನಕ್ಕೆ ಈ ಚಿಂತೆಯೇ ಇಲ್ಲ. ಒಂದೇ ರಸ್ತೆಯು ಇಬ್ಬರಿಗೆ ಎರಡು ರಸ್ತೆಯಾಗುವುದು ಹೀಗೆ.

೨೦೨೩ರಿಂದ ನಗರದಲ್ಲಿಯೂ ಉಪನಗರಗಳಲ್ಲಿಯೂ ಕಾಂಕ್ರೀಟು ರಸ್ತೆಗಳ ಕಾರ್ಯವು ಭರದಿಂದ ನಡೆದಿದೆ. ಕಾಂಕ್ರೀಟು ಬಾಳಿಕೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಹೊಸ ಹಾಸು ಹಳೆಯ ಡಾಂಬರನ್ನೋ ಪೇವರ್ ಬ್ಲಾಕುಗಳನ್ನೋ ಕೂಡುವಲ್ಲಿ, ಸಂಚಾರದ ದಿಕ್ಕಿಗೆ ಸಮಾನಾಂತರವಾಗಿ, ಒಂದೆರಡು ಅಂಗುಲದ ಏರುಪೇರು ಉಳಿದರೆ ಅದೇ ಹೊಸ ಟ್ರಾಮ್ ಹಳಿ! ಓರೆಯಾಗಿ ಏರಹೋದ ಗಾಲಿಯು ಅಂಚಿಗೆ ಉಜ್ಜುತ್ತ ಜಾರುತ್ತದೆ. ಇಂತಹ ಗೆರೆಯನ್ನು ವೇಗ ತಗ್ಗಿಸಿ, ಸಾಧ್ಯವಾದಷ್ಟು ಅಡ್ಡಲಾಗಿ, ಬ್ರೇಕು ಹಿಡಿಯದೆ ದಾಟಬೇಕು. ಅಗೆತದ ಮೇಲೆ ಹೊದಿಸಿದ ಕಬ್ಬಿಣದ ತಗಡಿಗೂ ಇದೇ ನಿಯಮ. ಮೊದಲ ಮಳೆಯ ದಿನಗಳಲ್ಲಿ ಇನ್ನೂ ಎಚ್ಚರ ಬೇಕು. ತಿಂಗಳುಗಟ್ಟಲೆ ಸೋರಿದ ಎಣ್ಣೆಯೂ ಧೂಳೂ ನೀರಿನೊಡನೆ ಬೆರೆತು ರಸ್ತೆಗೆ ಜಾರುಪದರವನ್ನು ಬಳಿಯುತ್ತವೆ.

ಇನ್ನು ಗುಂಡಿಗಳು. ಕರಾವಳಿಯವರು ಹೊಂಡವೆಂದೂ ಉತ್ತರ ಕರ್ನಾಟಕದವರು ತಗ್ಗೆಂದೂ ಕರೆಯುವ ಇದು, ಮುಂಬಯಿ ಕನ್ನಡಿಗರು ಹಲವರ ಬಾಯಲ್ಲಿ ಮರಾಠಿಯ ‘ಖಡ್ಡಾ’ ಆಗಿಬಿಟ್ಟಿದೆ. ಬಿರುಕಿನಲ್ಲಿ ಇಳಿದ ನೀರನ್ನು ಗಾಲಿಗಳ ಭಾರವು ಒತ್ತುತ್ತದೆ. ಒತ್ತಿದ ನೀರು ಜಲ್ಲಿಯನ್ನು ಡಾಂಬರಿನಿಂದ ಬಿಡಿಸುತ್ತದೆ. ನಾಲ್ಕು ತಿಂಗಳಲ್ಲಿ ೨,೦೦೦ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಲ್ಲಿ ಇದಕ್ಕೆ ಬಿಡುವೆಲ್ಲಿ? ನೀರು ತುಂಬಿದ ಮೇಲೆ ಅದರ ಆಳವೂ ಕಾಣದು. ೨೦೧೫ರ ಜುಲೈಯಲ್ಲಿ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯ ಅಂತಹುದೇ ಒಂದು ಗುಂಡಿಯಲ್ಲಿ ಬೈಕು ಉರುಳಿ, ಹಿಂಬದಿಯಲ್ಲಿ ಕುಳಿತಿದ್ದ ಹದಿನಾರರ ಹುಡುಗನು ತೀರಿಕೊಂಡನು. ತಂದೆ ದಾದಾರಾವ್ ಬಿಲ್ಹೋರೆಯವರು ಅಂದಿನಿಂದ ನೂರಾರು ಗುಂಡಿಗಳನ್ನು ಕೈಯಾರೆ ಮುಚ್ಚಿದ್ದಾರೆ.

ಬ್ಯಾಂಕಿನ ಲೆಕ್ಕಕ್ಕೆ ಒಗ್ಗಿದ ನನಗೆ ಒಂದು ಸಂಗತಿ ಬಹುಕಾಲ ವಿಚಿತ್ರವಾಗಿ ತೋರುತ್ತಿತ್ತು: ದುರಸ್ತಿಯ ಖರ್ಚು ಪುಸ್ತಕದಲ್ಲಿದೆ, ದುರಸ್ತಿಯಾಗದುದರ ನಷ್ಟ ಎಲ್ಲಿಯೂ ಇಲ್ಲ. ೨೦೨೫ರ ಅಕ್ಟೋಬರದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅದನ್ನು ಪುಸ್ತಕಕ್ಕೆ ಏರಿಸಿತು. ರಸ್ತೆಗುಂಡಿಯಿಂದ ಮರಣವಾದರೆ ೬ ಲಕ್ಷ ರೂಪಾಯಿ, ಗಾಯವಾದರೆ ೫೦,೦೦೦ದಿಂದ ೨.೫ ಲಕ್ಷದವರೆಗೆ ಪರಿಹಾರವನ್ನು ಸ್ಥಳೀಯ ಸಂಸ್ಥೆಗಳು ತೆರಬೇಕು; ಬಳಿಕ ಆ ಮೊತ್ತವನ್ನು ಹೊಣೆಗಾರರಾದ ಅಧಿಕಾರಿ, ಗುತ್ತಿಗೆದಾರರಿಂದ ವಸೂಲು ಮಾಡಬೇಕು.