ಅಶ್ರುವಾಯು ಬಂದೂಕು ಮತ್ತು ಸಂಕೇತ ಪಿಸ್ತೂಲು

ಅಶ್ರುವಾಯು ಬಂದೂಕು ಎಂಬುದು ಕಣ್ಣು, ಮೂಗು ಹಾಗೂ ಗಂಟಲನ್ನು ಉರಿಸುವ ರಾಸಾಯನಿಕ ತುಂಬಿದ ಶೆಲ್‌ಗಳನ್ನು ದೂರಕ್ಕೆ ಹಾರಿಸುವ, ಅಗಲವಾದ ನಳಿಗೆಯ ಆಯುಧ. ಇದೇ ತತ್ತ್ವದ ಚಿಕ್ಕ ಸಾಧನವಾದ ಸಂಕೇತ ಪಿಸ್ತೂಲು (ಫ್ಲೇರ್ ಪಿಸ್ತೂಲು) ಉರಿಯುವ ಬೆಳಕಿನ ತೋಟಾವನ್ನು ಆಕಾಶಕ್ಕೆ ಹಾರಿಸುತ್ತದೆ. ಜನರ ಮೇಲೆ ಬಳಸುವ ಇಂತಹ ಸಾಧನಗಳನ್ನು ಹಿಂದೆ ‘ಮಾರಕವಲ್ಲದ ಆಯುಧಗಳು’ ಎನ್ನುತ್ತಿದ್ದರು. ಇವುಗಳಿಂದಲೂ ಸಾವು ಸಂಭವಿಸಿರುವುದರಿಂದ ಈಗ ‘ಕಡಿಮೆ ಮಾರಕ’ ಎಂಬ ಪದವೇ ಹೆಚ್ಚು ಬಳಕೆಯಲ್ಲಿದೆ. ಭಾರತದ ಕಾನೂನಿನಲ್ಲಿ ಇವು ಆಟಿಕೆಗಳೂ ಅಲ್ಲ, ಸಾಮಾನ್ಯ ಸಲಕರಣೆಗಳೂ ಅಲ್ಲ. ಬಂದೂಕುಗಳ ಸಾಲಿಗೇ ಸೇರುತ್ತವೆ.

ರಚನೆ ಮತ್ತು ಕಾರ್ಯವಿಧಾನ

ಪೊಲೀಸರು ಬಳಸುವ ಅಶ್ರುವಾಯು ಬಂದೂಕಿನ ನಳಿಗೆಯ ವ್ಯಾಸ ಸಾಮಾನ್ಯವಾಗಿ 37ರಿಂದ 40 ಮಿ.ಮೀ. ಇರುತ್ತದೆ, ಭಾರತದಲ್ಲಿ 38 ಮಿ.ಮೀ. ಬಂದೂಕು ಹೆಚ್ಚು ಪರಿಚಿತ. ಹೆಸರಿನಲ್ಲಿ ‘ವಾಯು’ ಇದ್ದರೂ ಒಳಗಿರುವುದು ಅನಿಲವಲ್ಲ. 1928ರಲ್ಲಿ ಅಮೆರಿಕದ ಕಾರ್ಸನ್ ಮತ್ತು ಸ್ಟೌಟನ್ ಎಂಬ ರಸಾಯನ ವಿಜ್ಞಾನಿಗಳು ತಯಾರಿಸಿದ ‘ಸಿಎಸ್’ ಸಂಯುಕ್ತವು ಘನವಸ್ತು. ಶೆಲ್ ಉರಿದಾಗ ಅದು ಸೂಕ್ಷ್ಮ ಕಣಗಳಾಗಿ ಹೊಗೆಯೊಡನೆ ಹರಡುತ್ತದೆ. ಇದೇ ಕಾರಣದಿಂದ ಅದು ಬಟ್ಟೆ ಮತ್ತು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಸಿಲುಕಿದವರು ಗಾಳಿ ಬರುವ ದಿಕ್ಕಿಗೆ ಸರಿದು, ಕಣ್ಣುಜ್ಜದೆ, ಧಾರಾಳವಾಗಿ ನೀರಿನಿಂದ ತೊಳೆದು, ಆ ಬಟ್ಟೆಗಳನ್ನು ಬದಲಿಸಬೇಕು. ಆಸ್ತಮಾ ಇರುವವರಿಗೆ ಅಪಾಯ ಹೆಚ್ಚು.

ಭಾರತದಲ್ಲಿ ಈ ಶೆಲ್‌ಗಳನ್ನು ತಯಾರಿಸುವ ಪ್ರಮುಖ ಕೇಂದ್ರ ಗ್ವಾಲಿಯರ್ ಸಮೀಪದ ಟೇಕನ್‌ಪುರದಲ್ಲಿರುವ ಗಡಿ ಭದ್ರತಾ ಪಡೆಯ ಅಶ್ರುಧೂಮ ಘಟಕ. 2016ರಲ್ಲಿ ಕಾಶ್ಮೀರದಲ್ಲಿ ಪೆಲೆಟ್ ಗನ್‌ಗಳಿಂದ ಅನೇಕರ ಕಣ್ಣುಗಳಿಗೆ ಹಾನಿಯಾದ ಬಳಿಕ, ಮೆಣಸಿನಕಾಯಿಯ ಖಾರದ ಅಂಶವನ್ನು ಹೋಲುವ ‘ಪಾವಾ’ ಎಂಬ ರಾಸಾಯನಿಕದ ಶೆಲ್‌ಗಳನ್ನು ಪರ್ಯಾಯವಾಗಿ ತರಲಾಯಿತು.

ಅಪಾಯ ಬಹುಮಟ್ಟಿಗೆ ಹಾರಿಸುವ ರೀತಿಯಲ್ಲಿದೆ. ಶೆಲ್ ಅನ್ನು ಮೇಲ್ಮುಖವಾಗಿ, ಬಾಗಿದ ಪಥದಲ್ಲಿ ಹಾರಿಸಿ ಗುಂಪಿನ ಸಮೀಪ ಬೀಳಿಸಬೇಕು. ಎದೆ ಅಥವಾ ತಲೆಯ ಮಟ್ಟಕ್ಕೆ ನೇರವಾಗಿ ಗುರಿಯಿಟ್ಟರೆ ಅದು ಭಾರವಾದ ಗುಂಡಿನಂತೆಯೇ ಬಡಿಯುತ್ತದೆ. 2019ರಲ್ಲಿ ಬಾಗ್ದಾದ್‌ನ ಪ್ರತಿಭಟನೆಗಳಲ್ಲಿ ತಲೆಗೆ ಶೆಲ್ ಬಡಿದು ಹಲವರು ಮೃತಪಟ್ಟರು. ಮುಚ್ಚಿದ ಜಾಗ, ಗುಡಾರ ಅಥವಾ ಹೊರದಾರಿಯಿಲ್ಲದ ಓಣಿಯಲ್ಲಿ ಅಶ್ರುವಾಯು ಸಿಡಿಸುವುದೂ ಅಷ್ಟೇ ಅಪಾಯಕರ.

ಕರ್ನಾಟಕದ ಸಂದರ್ಭ

ಲಾಠಿಗೂ ಬಂದೂಕಿಗೂ ನಡುವೆ ಮತ್ತೊಂದು ಮೆಟ್ಟಿಲು ಇರಬೇಕೆಂಬ ವಾದದ ಹಿಂದೆ ಗೋಲಿಬಾರಿನ ಸಾವುಗಳ ನೆನಪಿದೆ. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮೃತರು ಸುಮಾರು 32 ಮಂದಿ ಎಂಬುದು ಪ್ರಚಲಿತ ಲೆಕ್ಕ. ಆಗಿನ ಸರ್ಕಾರ ಒಪ್ಪಿದ ಸಂಖ್ಯೆ ಇದಕ್ಕಿಂತ ಕಡಿಮೆ.

ಆದರೆ ಅಶ್ರುವಾಯು ಕೈಯಲ್ಲಿದ್ದ ಮಾತ್ರಕ್ಕೆ ಗೋಲಿಬಾರು ತಪ್ಪುತ್ತದೆ ಎನ್ನುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹೊಸ ನಿಯಮ ವಿರೋಧಿಸಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದಾಗ ಲಾಠಿ ಪ್ರಹಾರದೊಂದಿಗೆ ಅಶ್ರುವಾಯು ಪ್ರಯೋಗವೂ ನಡೆಯಿತು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಅಶ್ರುವಾಯುವನ್ನೂ ಬಳಸಲಾಯಿತು, ಗುಂಡನ್ನೂ ಹಾರಿಸಲಾಯಿತು. ಇಬ್ಬರು ಗುಂಡಿಗೆ ಬಲಿಯಾದರು.

ಬೆಳಕಿನ ಸಂಕೇತಗಳು

ಸಂಕೇತ ಪಿಸ್ತೂಲನ್ನು ‘ವೆರಿ ಪಿಸ್ತೂಲು’ ಎಂದೂ ಕರೆಯುತ್ತಾರೆ. ಈ ಹೆಸರು ಬಂದಿರುವುದು ಅಮೆರಿಕದ ನೌಕಾಧಿಕಾರಿ ಎಡ್ವರ್ಡ್ ವೆರಿ ಅವರಿಂದ. ಕಡಲಲ್ಲಿ ಕೆಂಪು ಬೆಳಕು ಆಪತ್ತಿನ ಸೂಚನೆ. ಅಂತರರಾಷ್ಟ್ರೀಯ ‘ಸೋಲಾಸ್’ ಒಪ್ಪಂದದ ಪ್ರಕಾರ ನವಮಂಗಳೂರು ಬಂದರಿಗೆ ಬರುವಂತಹ ದೊಡ್ಡ ಹಡಗುಗಳಲ್ಲಿ ಕನಿಷ್ಠ 12 ಪ್ಯಾರಾಚೂಟ್ ರಾಕೆಟ್ ಫ್ಲೇರ್‌ಗಳಿರಬೇಕು. ಇವು ಕನಿಷ್ಠ 300 ಮೀಟರ್ ಎತ್ತರಕ್ಕೇರಿ 40 ಸೆಕೆಂಡು ಉರಿಯುತ್ತವೆ. ಇವನ್ನು ಕೈಯಲ್ಲೇ ಹಿಡಿದು ಹಾರಿಸುವುದರಿಂದ ಪಿಸ್ತೂಲಿನ ಅಗತ್ಯವಿಲ್ಲ. ವಿಮಾನ ನಿಲ್ದಾಣಗಳಲ್ಲಿ ಹಕ್ಕಿಗಳನ್ನು ಚದುರಿಸಲು ಇಂತಹ ಪಿಸ್ತೂಲಿನಿಂದ ಸದ್ದಿನ ತೋಟಾ ಸಿಡಿಸುವುದುಂಟು.

ಕಾನೂನು ಸ್ಥಾನಮಾನ

1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮು ಸ್ಫೋಟಕದ ಅಥವಾ ಇತರ ಶಕ್ತಿಯ ಬಲದಿಂದ ಯಾವುದೇ ಬಗೆಯ ವಸ್ತುವನ್ನು ಚಿಮ್ಮಿಸಲು ರೂಪಿಸಿದ ಆಯುಧವನ್ನು ಬಂದೂಕು ಎಂದು ಪರಿಗಣಿಸುತ್ತದೆ. ಹಾನಿಕರ ದ್ರವ ಅಥವಾ ಅನಿಲವನ್ನು ಹೊರಸೂಸುವ ಆಯುಧಗಳನ್ನೂ ಗಲಭೆ ಪಿಸ್ತೂಲುಗಳನ್ನೂ ಅದು ಪ್ರತ್ಯೇಕವಾಗಿ ಹೆಸರಿಸುತ್ತದೆ. ಆದ್ದರಿಂದ ಪರವಾನಗಿಯಿಲ್ಲದೆ ಇವನ್ನು ಇಟ್ಟುಕೊಳ್ಳುವುದು 3ನೇ ಕಲಮಿನ ಉಲ್ಲಂಘನೆ. ಹಡಗು ಮತ್ತು ವಿಮಾನಗಳ ಸಹಜ ಸಲಕರಣೆಯ ಭಾಗವಾಗಿರುವ ಆಯುಧಗಳಿಗೆ 45ನೇ ಕಲಮು ವಿನಾಯಿತಿ ನೀಡಿದೆ. ಬಂದರಿನಲ್ಲಿ ಸಹಜವೆನಿಸುವ ಫ್ಲೇರ್ ಪಿಸ್ತೂಲು ಸಾದಲಿಯ ಮನೆಯೊಂದರಲ್ಲಿ ಸಿಕ್ಕರೆ ಪ್ರಕರಣವಾಗುವುದು ಹೀಗೆ.

ಪೊಲೀಸರಿಗೂ ಮಿತಿಗಳಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮಿನಂತೆ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 129) ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅಥವಾ ಠಾಣಾಧಿಕಾರಿ, ಠಾಣಾಧಿಕಾರಿ ಇಲ್ಲದಾಗ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಮೊದಲು ಚದುರುವಂತೆ ಆದೇಶಿಸಬೇಕು. ಜನ ಚದುರದಿದ್ದರೆ ಅಥವಾ ಚದುರುವುದಿಲ್ಲವೆಂಬ ನಿರ್ಧಾರ ಅವರ ನಡವಳಿಕೆಯಲ್ಲಿ ಕಂಡರೆ ಬಲಪ್ರಯೋಗ ಮಾಡಬಹುದು. ಎಷ್ಟು ದೂರದಿಂದ, ಯಾವ ಕೋನದಲ್ಲಿ ಶೆಲ್ ಹಾರಿಸಬೇಕೆಂಬುದು ಈ ಕಲಮಿನಲ್ಲಿಲ್ಲ. ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದವರ ಮೇಲೆ 2011ರ ಜೂನ್‌ನಲ್ಲಿ ನಡೆದ ಮಧ್ಯರಾತ್ರಿಯ ಕಾರ್ಯಾಚರಣೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಖಂಡಿಸಿತು. ಅಲ್ಲಿ ಅಶ್ರುವಾಯು ಶೆಲ್‌ಗಳನ್ನೂ ಸಿಡಿಸಲಾಗಿತ್ತು.

1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ಒಪ್ಪಂದವು ಅಶ್ರುವಾಯುವನ್ನು ಯುದ್ಧವಿಧಾನವಾಗಿ ಬಳಸುವುದನ್ನು ನಿಷೇಧಿಸಿ, ಆಂತರಿಕ ಗಲಭೆ ನಿಯಂತ್ರಣಕ್ಕೆ ಅವಕಾಶ ಉಳಿಸಿದೆ. ಶತ್ರು ಸೈನಿಕನ ಮೇಲೆ ಪ್ರಯೋಗಿಸಬಾರದ ವಸ್ತುವನ್ನು ಸ್ವಂತ ಪ್ರಜೆಯ ಮೇಲೆ ಪ್ರಯೋಗಿಸಬಹುದೆಂಬ ಈ ವೈರುಧ್ಯ ಟೀಕೆಗೆ ಒಳಗಾಗುತ್ತಲೇ ಇದೆ.

ಖಾಸಗಿ ಬಳಕೆ

ಆತ್ಮರಕ್ಷಣೆಯ ಪೆಪ್ಪರ್ ಸ್ಪ್ರೇ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ 2024ರ ಮೇ ತಿಂಗಳಲ್ಲಿ ಪ್ರಕರಣವೊಂದನ್ನು ರದ್ದುಪಡಿಸಲು ನಿರಾಕರಿಸಿದ ಕರ್ನಾಟಕ ಹೈಕೋರ್ಟ್, ಮೇಲ್ನೋಟಕ್ಕೆ ಜೀವಾಪಾಯವಿಲ್ಲದ ಸಂದರ್ಭದಲ್ಲಿ ಅದನ್ನು ಬಳಸುವುದನ್ನು ಆತ್ಮರಕ್ಷಣೆ ಎನ್ನಲಾಗದು, ಅದು ಅಪಾಯಕಾರಿ ಆಯುಧವೂ ಆಗಬಲ್ಲದು ಎಂದು ಹೇಳಿತು.

ಕೃಷಿಗಷ್ಟೇ ರೂಪಿಸಿದ ಸಾಧನಗಳು ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಿಂದ ಹೊರಗಿವೆ. ಕೋತಿ, ಹಕ್ಕಿಗಳನ್ನು ಓಡಿಸಲು ಪೈಪು ಮತ್ತು ಕಾರ್ಬೈಡ್‌ನಿಂದ ಮಾಡಿಕೊಳ್ಳುವ ಸದ್ದಿನ ಬಂದೂಕು ಹೊಲದ ಮಟ್ಟಿಗೆ ನಿರುಪದ್ರವಿಯಾಗಿ ಕಂಡರೂ, 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದು ಪಟಾಕಿಯ ಬದಲು ಮಕ್ಕಳ ಕೈಸೇರಿತು. ಅನೇಕ ಮಕ್ಕಳ ಕಣ್ಣಿಗೆ ತೀವ್ರ ಗಾಯಗಳಾದ ಮೇಲೆ ಅಲ್ಲಿನ ಆಡಳಿತ ಅದರ ಮಾರಾಟವನ್ನು ನಿಷೇಧಿಸಿತು.