ಎರಡೂವರೆ ವೋಲ್ಟಿನ ಮೋಟರ್‌ಗೆ ನಲವತ್ತೆಂಟು ವೋಲ್ಟ್

ಮನೆಯಲ್ಲೇ ಸಿಎನ್‌ಸಿ ರೌಟರ್ ಕಟ್ಟಲು ಹೊರಟವರನ್ನು ಮೊದಲು ದಾರಿ ತಪ್ಪಿಸುವುದು ಮೋಟರ್‌ನ ವಿವರ ಚೀಟಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಲಿ, ಆನ್‌ಲೈನ್‌ನಲ್ಲಿ ತರಿಸಲಿ, ಮಧ್ಯಮ ಗಾತ್ರದ ನೆಮಾ 23 ಸ್ಟೆಪರ್ ಮೋಟರ್‌ನ ಅಂಕಿಗಳು ಹೆಚ್ಚುಕಡಿಮೆ ಹೀಗಿರುತ್ತವೆ: ಪ್ರತಿ ಸುರುಳಿಗೆ 2.8 ಆಂಪಿಯರ್, ರೋಧ 0.9 ಓಮ್, ಇಂಡಕ್ಟೆನ್ಸ್ 2.5 ಮಿಲಿಹೆನ್ರಿ. ಓಮ್‌ನ ನಿಯಮದಂತೆ ಗುಣಿಸಿದರೆ ಬರುವುದು 2.52 ವೋಲ್ಟ್. ಹಾಗಿದ್ದರೆ 48 ವೋಲ್ಟ್ ಕೊಟ್ಟರೆ ಮೋಟರ್ ಸುಟ್ಟುಹೋಗದೇ?

ಹೋಗುವುದಿಲ್ಲ. ಆ ಎರಡೂವರೆ ವೋಲ್ಟ್ ನಿಂತ ಮೋಟರ್‌ನ ಲೆಕ್ಕ. ಯಂತ್ರ ಕೆಲಸ ಮಾಡುವುದು ಓಡುವಾಗ. 5 ಮಿ.ಮೀ. ಲೀಡ್ ಇರುವ ಬಾಲ್ ಸ್ಕ್ರೂ ಮೇಲೆ ನಿಮಿಷಕ್ಕೆ 3000 ಮಿ.ಮೀ. ವೇಗ ಬೇಕೆಂದರೆ ಮೋಟರ್ ಸೆಕೆಂಡಿಗೆ 10 ಸುತ್ತು ತಿರುಗಬೇಕು. ಸುತ್ತಿಗೆ 200 ಹೆಜ್ಜೆಯಂತೆ ಒಂದು ಹೆಜ್ಜೆಗೆ ಸಿಗುವ ಸಮಯ ಅರ್ಧ ಮಿಲಿಸೆಕೆಂಡ್. ಸುರುಳಿಯ ಇಂಡಕ್ಟೆನ್ಸ್ ಕರೆಂಟನ್ನು ಥಟ್ಟನೆ ಏರಗೊಡುವುದಿಲ್ಲ. ಎರಡೂವರೆ ವೋಲ್ಟಿನಲ್ಲಿ ಪೂರ್ಣ ಕರೆಂಟಿನ ಮೂರನೇ ಎರಡು ಭಾಗ ಮುಟ್ಟುವುದಕ್ಕೇ ಸುಮಾರು 2.8 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಐದು ಹೆಜ್ಜೆ ಕಳೆದಿರುತ್ತವೆ, ಬಲವೂ ಹೋಗಿರುತ್ತದೆ. 48 ವೋಲ್ಟಿನಲ್ಲಿ ಅದೇ ಸುರುಳಿ 0.15 ಮಿಲಿಸೆಕೆಂಡಿನಲ್ಲಿ 2.8 ಆಂಪಿಯರ್ ತಲುಪಬಲ್ಲದು. ತಲುಪಿದ ಕೂಡಲೇ, ಸಪ್ಲೈಗೂ ಮೋಟರಿಗೂ ನಡುವೆ ಕೂರುವ ಡ್ರೈವರ್ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕರೆಂಟ್ ಮೇಲೇರದಂತೆ ಹಿಡಿಯುತ್ತದೆ. ಡ್ರೈವರ್ ಇಲ್ಲದೆ ನೇರವಾಗಿ ಜೋಡಿಸಿದರೆ ಮಾತ್ರ ಹೊಗೆ ಗ್ಯಾರಂಟಿ.

ಹಾಗೆಂದು ವೋಲ್ಟೇಜ್ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಗೆಕೋಡ್ರೈವ್ ಕಂಪನಿಯ ಮಾರಿಸ್ ಫ್ರೈಮಾನಿಸ್ ಜನಪ್ರಿಯಗೊಳಿಸಿದ ಒಂದು ಸೂತ್ರ ಹವ್ಯಾಸಿಗಳ ನಡುವೆ ಚಾಲ್ತಿಯಲ್ಲಿದೆ: ಮಿಲಿಹೆನ್ರಿಯಲ್ಲಿರುವ ಇಂಡಕ್ಟೆನ್ಸಿನ ವರ್ಗಮೂಲವನ್ನು 32ರಿಂದ ಗುಣಿಸಿದರೆ ಬರುವುದೇ ಗರಿಷ್ಠ ವೋಲ್ಟೇಜ್. ಮೇಲಿನ ಮೋಟರ್‌ಗೆ ಅದು ಸುಮಾರು 50. ಅದನ್ನು ಮೀರಿದರೆ ವೇಗಕ್ಕಿಂತ ಬಿಸಿಯೇ ಜಾಸ್ತಿ.

ಕರೆಂಟಿನ ವಿಷಯದಲ್ಲಿ ತಪ್ಪು ಕೂಡಿಕೆಯದು. ಮೂರು ಮೋಟರ್, ತಲಾ 2.8 ಆಂಪಿಯರ್, ಒಟ್ಟು 8.4, ಆದ್ದರಿಂದ 400 ವ್ಯಾಟಿನ ಸಪ್ಲೈ ಬೇಕೇ ಬೇಕು ಎಂದು ಅಂಗಡಿಯವರೂ ಹೇಳುವುದುಂಟು. ಆದರೆ ಡ್ರೈವರ್ ವಿದ್ಯುತ್ತನ್ನು ಮೇಲೆ ಹೇಳಿದಂತೆ ಕತ್ತರಿಸಿ ಕೊಡುವುದರಿಂದ ಸುರುಳಿಯ ಕರೆಂಟೂ ಸಪ್ಲೈಯಿಂದ ಎಳೆದುಕೊಳ್ಳುವ ಕರೆಂಟೂ ಒಂದೇ ಆಗಿರುವುದಿಲ್ಲ. ಮೋಟರ್ ನಿಂತಿರುವಾಗ ಎರಡೂ ಸುರುಳಿಗಳಲ್ಲಿ ಪೂರ್ಣ ಕರೆಂಟ್ ಇದೆ ಎಂದಿಟ್ಟುಕೊಂಡರೂ ಖರ್ಚಾಗುವುದು 14 ವ್ಯಾಟ್. 48 ವೋಲ್ಟಿನ ಸಪ್ಲೈ ಮೇಲೆ ಅದು 0.3 ಆಂಪಿಯರ್ ಕೂಡ ಅಲ್ಲ. ಓಡುವಾಗಿನ ಅಗತ್ಯಕ್ಕೆ ಒಟ್ಟು ಅಂಕಿಯ ಮೂರನೇ ಎರಡು ಭಾಗ, ಅಂದರೆ 5.6 ಆಂಪಿಯರ್ ಹಿಡಿಯುವುದು ವಾಡಿಕೆ. ಮಾರುಕಟ್ಟೆಯ 350 ವ್ಯಾಟಿನ ಸ್ವಿಚ್ ಮೋಡ್ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಇದನ್ನು ಸುಲಭವಾಗಿ ಹೊರುತ್ತದೆ.

ಎಸ್‌ಎಂಪಿಎಸ್ ಬೇಡವೆಂದು ಟ್ರಾನ್ಸ್‌ಫಾರ್ಮರ್ ಸುತ್ತಿಸುವವರಿಗೆ ಬೇರೆಯದೇ ಬಲೆ ಕಾದಿದೆ. 36 ವೋಲ್ಟಿನ ಟ್ರಾನ್ಸ್‌ಫಾರ್ಮರ್‌ನಿಂದ 36 ವೋಲ್ಟ್ ಡಿಸಿ ಸಿಗುತ್ತದೆ ಎಂಬ ಲೆಕ್ಕ ಅದು. ಬ್ರಿಡ್ಜ್ ಮತ್ತು ಕೆಪಾಸಿಟರ್ ದಾಟಿದ ಮೇಲೆ ಸಿಗುವುದು ಎಸಿ ಅಲೆಯ ತುದಿ: 36ನ್ನು 1.414ರಿಂದ ಗುಣಿಸಿ ಡಯೋಡುಗಳಲ್ಲಿ ಕಳೆಯುವ 1.4 ವೋಲ್ಟ್ ತೆಗೆದರೆ 49.5. ಮನೆಯ 230 ವೋಲ್ಟ್ ರಾತ್ರಿ ಹೊತ್ತು 253ಕ್ಕೆ ಏರಿತೆಂದರೆ ಇದು 54 ದಾಟುತ್ತದೆ. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ತಾನೇ ಇನ್ನಷ್ಟು ಏರಿಸುತ್ತದೆ. ಗರಿಷ್ಠ 50 ವೋಲ್ಟ್ ಎಂದು ಬರೆದ ಡ್ರೈವರ್ ಆಗ ಉಳಿಯುವ ಭರವಸೆಯಿಲ್ಲ. ಆ ಡ್ರೈವರ್‌ಗೆ 28 ಅಥವಾ 30 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸಾಕು.

ಆದರೂ ಟ್ರಾನ್ಸ್‌ಫಾರ್ಮರ್ ಹಳೇ ಕಾಲದ್ದೆಂದು ಮೂಗು ಮುರಿಯಬೇಕಿಲ್ಲ. ಕೊರೆಯುವ ಬಿಟ್ಟನ್ನು ಹೊತ್ತು ಓಡಾಡುವ ಭಾರದ ಗ್ಯಾಂಟ್ರಿ ವೇಗದಿಂದ ಬಂದು ಥಟ್ಟನೆ ನಿಂತಾಗ ಮೋಟರ್ ಜನರೇಟರ್ ಆಗಿ ವಿದ್ಯುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಇಂಥ ಸಪ್ಲೈಯ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಅದನ್ನು ನುಂಗಿಕೊಳ್ಳುತ್ತದೆ. ಕೆಲವು ಎಸ್‌ಎಂಪಿಎಸ್‌ಗಳು ವೋಲ್ಟೇಜ್ ಏರಿತೆಂದು ಕೆಲಸದ ಮಧ್ಯೆಯೇ ಬಂದ್ ಆಗುತ್ತವೆ. ಅದೇ ಕೆಪಾಸಿಟರ್ ಸ್ವಿಚ್ ಆರಿಸಿದ ಮೇಲೂ ಚಾರ್ಜ್ ಉಳಿಸಿಕೊಳ್ಳುವುದರಿಂದ ಅದಕ್ಕೆ ಅಡ್ಡಲಾಗಿ ಬ್ಲೀಡರ್ ರೆಸಿಸ್ಟರ್ ಇರಲೇಬೇಕು. ಸ್ವಿಚ್ಚಿನ ಜಾಗ 230 ವೋಲ್ಟಿನ ಕಡೆ. ಸಪ್ಲೈಗೂ ಡ್ರೈವರ್‌ಗೂ ನಡುವೆ ಅಲ್ಲ. ಕರೆಂಟ್ ಇರುವಾಗಲೇ ಮೋಟರ್ ತಂತಿ ಕಿತ್ತರೆ ಡ್ರೈವರ್ ಸಾಯುವುದು ಹೊಸಬರು ಹಣ ತೆತ್ತು ಕಲಿಯುವ ಪಾಠ.

ಇನ್ನು ಬಿಸಿ. ಮುಟ್ಟಿದರೆ ಕೈ ಸುಡುವ ಸ್ಟೆಪರ್ ಮೋಟರ್ ಕೆಟ್ಟಿದೆ ಎಂದೇ ಬಹುತೇಕರ ತೀರ್ಮಾನ. ಇವುಗಳ ಬಿ ದರ್ಜೆಯ ಇನ್ಸುಲೇಷನ್ 130 ಡಿಗ್ರಿ ತಡೆಯುತ್ತದೆ. ಹೊರಮೈ 70–80 ಡಿಗ್ರಿ ಮುಟ್ಟಿದರೂ ಮೋಟರ್‌ಗೆ ಚಿಂತೆಯಿಲ್ಲ. ಚಿಂತೆ ಮೋಟರನ್ನು ಹಿಡಿದಿಡುವ ಮೌಂಟ್‌ಗೆ. ತ್ರೀಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಿಂದ ಮಾಡಿಕೊಂಡ ಮೌಂಟ್ ಸುಮಾರು 60 ಡಿಗ್ರಿಗೇ ಮೆತ್ತಗಾಗಿ, ಬೆಲ್ಟಿನಿಂದ ಓಡುವ ಯಂತ್ರದಲ್ಲಿ ಬೆಲ್ಟ್ ಎಳೆದ ಕಡೆಗೆ ಮೆಲ್ಲಗೆ ವಾಲುತ್ತದೆ. ಅಲ್ಯೂಮಿನಿಯಂ ತಟ್ಟೆಯಾದರೆ ಬಾಗುವುದಿಲ್ಲ, ಬಿಸಿಯನ್ನೂ ಎಳೆದು ಚೆಲ್ಲುತ್ತದೆ. ಅದರ ದಪ್ಪದಲ್ಲಿ ಜಿಪುಣತನ ಸಲ್ಲದು: ಬಾಗುವಿಕೆಗೆ ತಟ್ಟೆ ಒಡ್ಡುವ ಬಿಗಿತ ದಪ್ಪದ ಘನಕ್ಕೆ ಅನುಗುಣವಾದ್ದರಿಂದ 3 ಮಿ.ಮೀ. ಬದಲು 6 ಮಿ.ಮೀ. ಹಾಕಿದರೆ ಬಿಗಿತ ಎಂಟು ಪಟ್ಟು.

ನೆಮಾ 23 ಎಂಬುದು ಶಕ್ತಿಯ ಅಳತೆಯಲ್ಲ, ಮೋಟರ್‌ನ ಮುಖ 2.3 ಇಂಚು ಎಂಬ ಸೂಚನೆ ಅಷ್ಟೇ. ಮೌಂಟ್ ಕೊರೆಯುವವರಿಗೆ ಬೇಕಾದ ಅಂಕಿಗಳು ಬೇರೆ: ತೂತುಗಳ ನಡುವೆ 47.14 ಮಿ.ಮೀ., ಮುಖದ ಮಧ್ಯೆ ಉಬ್ಬಿದ ವೃತ್ತದ ವ್ಯಾಸ 38.1 ಮಿ.ಮೀ. ನಾಲ್ಕು ಬೋಲ್ಟುಗಳೇ ಮೋಟರನ್ನು ನಡುವಿಗೆ ಕೂರಿಸುತ್ತವೆ ಎಂದುಕೊಂಡು ಮಧ್ಯದ ತೂತನ್ನು ಹೋಲ್‌ಸಾದಲ್ಲಿ ಒರಟಾಗಿ ಕೊರೆಯುವವರಿದ್ದಾರೆ. ಬೋಲ್ಟ್ ಹಿಡಿದಿಡುತ್ತದೆ, ನಡು ಸರಿಯಾಗಿಸುವುದು ಆ ಉಬ್ಬು. ಅದಕ್ಕೆ ಲೇತ್‌ನಲ್ಲಿ ಬೋರ್ ಮಾಡಿದ ತೂತು ಬೇಕು.

ಫ್ಲೆಕ್ಸಿಬಲ್ ಕಪ್ಲಿಂಗ್ ಹಾಕಿದರೆ ಎಲ್ಲ ಓರೆಕೋರೆ ಸರಿಹೋಗುತ್ತದೆ ಎಂಬುದು ಇದರ ಬೆನ್ನಿಗೇ ಬರುವ ನಂಬಿಕೆ. ಕಪ್ಲಿಂಗ್ ಸಹಿಸುವುದು ಕೂದಲೆಳೆಯಷ್ಟು ಓರೆಯನ್ನು ಮಾತ್ರ. ಸ್ಕ್ರೂ ಉದ್ದಕ್ಕೆ ಬರುವ ತಳ್ಳುವಿಕೆಯನ್ನು ಹೊರುವುದು ಅದರ ಕೆಲಸವೂ ಅಲ್ಲ, ಮೋಟರ್‌ನದೂ ಅಲ್ಲ. ಮೋಟರ್‌ನ ಒಳಗೆ ಶಾಫ್ಟನ್ನು ಒತ್ತಿಹಿಡಿದಿರುವುದು ಒಂದು ತೆಳು ಸ್ಪ್ರಿಂಗ್ ವಾಷರ್. ಬಿಟ್ ಮರಕ್ಕೆ ಒತ್ತಿದಾಗ ಅದು ಕುಗ್ಗುತ್ತದೆ, ಕೊರೆದ ಅಳತೆ ತಪ್ಪುತ್ತದೆ. 16 ಮಿ.ಮೀ. ಸ್ಕ್ರೂಗೆ ಬಿಕೆ 12 ಎಂಬ ಬೇರಿಂಗ್ ಬ್ಲಾಕ್ ಹಾಕುವುದು ಈ ಭಾರ ಹೊರಲೆಂದೇ. ಅದು ಹೊರುತ್ತಿದೆಯೇ ಎಂದು ನೋಡಲು ಮೋಟರ್ ಬಿಚ್ಚಿ, ಸ್ಕ್ರೂ ತುದಿಗೆ ಡಯಲ್ ಗೇಜ್ ಹಿಡಿದು, ಗ್ಯಾಂಟ್ರಿಯನ್ನು ಹಿಂದೆ ಮುಂದೆ ದೂಡಬೇಕು. ಸ್ಕ್ರೂ ತಿರುಗಿದರೆ ತೊಂದರೆಯಿಲ್ಲ. ಉದ್ದಕ್ಕೆ ಜಾರಿ ಮುಳ್ಳು ಅಲುಗಿದರೆ ಬಿಕೆ 12ರ ನಟ್ಟು ಬಿಗಿಯಾಗಿಲ್ಲವೆಂದೇ ಅರ್ಥ.